ಕಾಲಿನ ಬಾಳಿಕೆ

2024ರ ಡಿಸೆಂಬರ್ 7ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಕೇರಳ ಬ್ಲಾಸ್ಟರ್ಸ್ ತಂಡದ ಮೇಲೆ ಮೂರು ಗೋಲು ಹೊಡೆದರು. ಮೊದಲನೆಯದು ಆಟ ಶುರುವಾದ ಹತ್ತು ನಿಮಿಷದೊಳಗೆ, ಕೊನೆಯದು ಆಟ ಮುಗಿಯುವ ಹೊತ್ತಿಗೆ. ಬೆಂಗಳೂರು ಎಫ್‌ಸಿ 4-2ರಿಂದ ಗೆದ್ದಿತು. ಛೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು. ಅಂದರೆ ಅವತ್ತಿಗೆ ಅವರಿಗೆ ನಲವತ್ತು ವರ್ಷ, ಮೇಲೆ ನಾಲ್ಕು ತಿಂಗಳು. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆ ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ನಲವತ್ತು ಅಂದರೆ ಫುಟ್‌ಬಾಲಿನಲ್ಲಿ ಮುಪ್ಪು. ಮೂವತ್ತೆರಡಕ್ಕೇ ಮೊಣಕಾಲು ಮಾತಾಡಲು ಶುರು ಮಾಡುತ್ತದೆ, ಮೂವತ್ತೈದಕ್ಕೆ ವೇಗ ಕೈಕೊಡುತ್ತದೆ. ಗೋಲ್‌ಕೀಪರುಗಳದ್ದು ಬೇರೆ ಮಾತು. ಮುಂದೆ ನಿಂತು ಗೋಲು ಹೊಡೆಯುವವನಿಗೆ ಇಪ್ಪತ್ತೆರಡರ ಹುಡುಗರ ಜೊತೆ ಓಡಿ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ಚೆಂಡಿನ ಹತ್ತಿರ ತಲುಪುವುದೇ ಕೆಲಸ. ಹಾಗಾದರೆ ಈ ಬಾಳಿಕೆ ಎಲ್ಲಿಂದ ಬರುತ್ತದೆ? ಪತ್ರಿಕೆಗಳಲ್ಲಿ ಓದುವ ಉತ್ತರ ಒಂದೇ: ಶಿಸ್ತು, ಶ್ರಮ, ಬೇಗ ಮಲಗುವುದು, ಸಕ್ಕರೆ ಬಿಡುವುದು. ಅದು ಸುಳ್ಳಲ್ಲ. ಆದರೆ ಬೆಂಗಳೂರಿನ ಫುಟ್‌ಬಾಲಿನ ಎಂಬತ್ತು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಅರ್ಧ ಉತ್ತರ ಅಂತ ನನಗೆ ಅನ್ನಿಸುತ್ತದೆ. ಉಳಿದರ್ಧವನ್ನು ಹುಡುಕುವುದು ಈ ಬರಹದ ಕೆಲಸ.

ನಾನು ಇದನ್ನು ಬರೆಯುತ್ತಿರುವುದು ಮೂಡಿಗೆರೆ ತಾಲ್ಲೂಕಿನ ಬಾಳೂರಿನಲ್ಲಿ ಕೂತು. ಕೊಟ್ಟಿಗೆಹಾರದ ಮಳೆಗೆ ಹತ್ತಿರದ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೈದಾನ ಅನ್ನುವುದು ಗದ್ದೆಯ ಇನ್ನೊಂದು ಹೆಸರು. ಕೊಡಗಿನ ಸುಂಟಿಕೊಪ್ಪದ ಕಡೆ ತೋಟದ ಜನ ಫುಟ್‌ಬಾಲ್ ಪಂದ್ಯಾವಳಿಗೆ ಸೇರುವ ಹಾಗೆ ನಮ್ಮಲ್ಲಿ ಸೇರುವುದಿಲ್ಲ. ನಮ್ಮದು ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಆದರೂ ಮೊಬೈಲ್ ಬಂದ ಮೇಲೆ ಲೈನ್ ಮನೆಯ ಹುಡುಗರಿಗೂ ಮೆಸ್ಸಿ, ರೊನಾಲ್ಡೊ, ಛೆಟ್ರಿ ಮೂವರೂ ಗೊತ್ತು. ಆ ಹ್ಯಾಟ್ರಿಕ್ಕಿನ ವಿಷಯ ಬಂದಾಗ ತೋಟದ ರೈಟರೊಬ್ಬರು ನನ್ನನ್ನು ಕೇಳಿದ್ದರು: "ಅಲ್ಲ ಸಾರ್, ದುಡ್ಡಾಗಿದೆ, ಹೆಸರಾಗಿದೆ, ಇನ್ನೂ ಯಾಕೆ ಓಡ್ಬೇಕು ಅವ್ರು?" ತಮಾಷೆಗೆ ಕೇಳಿದ್ದಾದರೂ ಅದು ಒಳ್ಳೆಯ ಪ್ರಶ್ನೆ. ಅದಕ್ಕಿಂತ ಮೊದಲಿನ ಪ್ರಶ್ನೆ ಇನ್ನೊಂದಿದೆ. ಅವರಿಗಿಂತ ಮುಂಚಿನವರು ಯಾಕೆ ಅಷ್ಟು ಕಾಲ ಓಡಲಿಲ್ಲ?

ಮುಂಚಿನವರು ಇದ್ದರು, ಮತ್ತು ಚೆನ್ನಾಗಿಯೇ ಇದ್ದರು. ಬಾಂಬೆಯ ರೋವರ್ಸ್ ಕಪ್ ಬ್ರಿಟಿಷ್ ಪಡೆಗಳ ತಂಡಗಳ ಸ್ವತ್ತಾಗಿದ್ದ ಕಾಲದಲ್ಲಿ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದು ತಂದಿತು. ಮರುವರ್ಷ ಮತ್ತೆ ಗೆದ್ದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿ, 1952-53ರಲ್ಲಿ, 1967-68 ಮತ್ತು 1968-69ರಲ್ಲಿ ಗೆದ್ದಿತು, ಅದೂ ಬಂಗಾಳದಂಥ ಬಂಗಾಳವನ್ನು ಸೋಲಿಸಿ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಬೀದಿಗಳಲ್ಲಿ ಬೆಳೆದ ಹುಡುಗರ ಆಟ ಅದು. ಗೌತಮಪುರದಲ್ಲಿ ಇವತ್ತಿಗೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆ ಇದೆ. ಇವರಲ್ಲಿ ಬಹಳ ಜನರ ಮನೆಮಾತು ತಮಿಳು ಅಥವಾ ಉರ್ದು. ಕಂಟೋನ್ಮೆಂಟಿನ ಈ ಲೋಕ ಕನ್ನಡ ಸಾಹಿತ್ಯದ ಕಣ್ಣಿಗೆ ಬಿದ್ದದ್ದು ಕಡಿಮೆ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಬಗ್ಗೆ ನಮಗೆ ಮನೆಯವರ ಬಗ್ಗೆ ತಿಳಿದಷ್ಟೇ ತಿಳಿದಿದೆ. ಕೆಂಪಯ್ಯ ಅಂದರೆ ಯಾರು ಅಂತ ಕೇಳಿ ನೋಡಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಆ ತಂಡದಲ್ಲಿದ್ದ, 1960ರಲ್ಲಿ ರೋಮ್‌ಗೂ ಹೋದ ಬೆಂಗಳೂರಿನ ಆಟಗಾರ. ಅಪ್ಪಟ ನಮ್ಮ ಕಡೆಯ ಹೆಸರು. ಆದರೂ ಗೊತ್ತಿಲ್ಲ.

ಅಹಮದ್ ಖಾನ್ ಅವರ ಕಥೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಬರಿಗಾಲಲ್ಲಿ ಆಡುತ್ತಿದ್ದರು. ಚೆಂಡು ಅವರ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತಂತೆ. ಎದುರಾಳಿಯನ್ನು ಅತ್ತಿತ್ತ ಆಡಿಸುವ ರೀತಿ ನೋಡಿ ಜನ ಅವರನ್ನು ಹಾವಾಡಿಗ ಅಂತ ಕರೆದರು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಆಡಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರದ್ದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿ, ಕೊನೆ ಗಳಿಗೆಯಲ್ಲಿ ಒಂದು ಗೋಲು ಬಿಟ್ಟುಕೊಟ್ಟು 1-2ರಿಂದ ಸೋತರು. ಭಾರತದ ಆ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹಮದ್ ಖಾನ್, ಧನರಾಜ್ ಕೂಡ ಆ ತಂಡದೊಂದಿಗೆ ಲಂಡನ್‌ಗೆ ಹೋದ ಬೆಂಗಳೂರಿಗರು.

ಅಲ್ಲಿಂದ ಬಂದ ಮೇಲೆ ಅಹಮದ್ ಖಾನ್ ಕಲ್ಕತ್ತಾಗೆ ಹೋದರು, 1949ರಲ್ಲಿ, ಈಸ್ಟ್ ಬೆಂಗಾಲ್ ಕ್ಲಬ್‌ಗೆ. ಅಪ್ಪಾರಾವ್, ವೆಂಕಟೇಶ್, ಸಾಲೆ, ಧನರಾಜ್, ಅಹಮದ್ ಖಾನ್ ಈ ಐವರ ಮುಂಪಡೆಗೆ ಕಲ್ಕತ್ತಾದ ಜನ ಪಂಚಪಾಂಡವರು ಅಂತ ಹೆಸರಿಟ್ಟರು. ಐವರೂ ದಕ್ಷಿಣದವರು, ಬಂಗಾಳಿ ಒಬ್ಬನೂ ಇಲ್ಲ. 1949, 1950, 1951, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲೂ ಅಹಮದ್ ಖಾನ್ ಪಾಲಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಬಾರಿಸಿತು. ನಾವು ಹೊಡೆದದ್ದು ಒಂದು. ಆ ಒಂದು ಅಹಮದ್ ಖಾನ್ ಅವರದ್ದು, ಆಟದ ಕೊನೆಯ ಹೊತ್ತಿನಲ್ಲಿ. ಒಂಬತ್ತು, ಹತ್ತು ಗೋಲು ತಿಂದ ತಂಡದಲ್ಲಿ ಕೊನೆ ನಿಮಿಷಗಳಲ್ಲೂ ಗೋಲಿನ ಕಡೆ ಓಡುತ್ತಿದ್ದವನೊಬ್ಬ ಇದ್ದ ಅಂದರೆ ಅವನ ಬಗ್ಗೆ ಬೇರೆ ಪ್ರಮಾಣಪತ್ರ ಬೇಕಾಗಿಲ್ಲ. ಆ ಸೋಲಿನ ನಂತರವೇ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಈಸ್ಟ್ ಬೆಂಗಾಲ್‌ನಲ್ಲಿ ಅಹಮದ್ ಖಾನ್ 1959ರವರೆಗೆ, ಹತ್ತು ವರ್ಷ ಆಡಿದರು. ಆಮೇಲೆ ಬೆಂಗಳೂರಿಗೆ ಬಂದರು. 2017ರ ಆಗಸ್ಟ್ 27ರಂದು ತೀರಿಕೊಂಡಾಗ ತೊಂಬತ್ತು ವರ್ಷ. ಮೈ ಗಟ್ಟಿಯೇ ಇತ್ತು ಅಂತ ಆಯಿತು. ತೊಂಬತ್ತು ವರ್ಷ ಬಾಳಿದ ದೇಹ ದೊಡ್ಡ ಆಟವನ್ನು ಮೂವತ್ಮೂರರ ಸುಮಾರಿಗೆ ಬಿಟ್ಟಿತು. ಶಿಸ್ತಿನ ಕೊರತೆಯಿಂದ ಹೀಗಾಯಿತು ಅಂತ ಯಾರೂ ಹೇಳಲಾರರು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒಬ್ಬರಿದ್ದರು, ಸ್ಟ್ಯಾನ್ಲಿ ಮ್ಯಾಥ್ಯೂಸ್. ಬಾಳಿಕೆಯ ಮಾತು ಬಂದಾಗ ಅವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1915ರ ಫೆಬ್ರವರಿ 1ರಂದು ಸ್ಟೋಕ್ ಊರಿನ ಹ್ಯಾನ್ಲಿಯಲ್ಲಿ ಹುಟ್ಟಿದ ಕ್ಷೌರಿಕನ ಮಗ. ಅಪ್ಪ ಬಾಕ್ಸರ್ ಕೂಡ ಹೌದು, ಮಗನನ್ನು ಬೆಳಗಿನ ಜಾವ ಎಬ್ಬಿಸಿ ವ್ಯಾಯಾಮ ಮಾಡಿಸುತ್ತಿದ್ದ. ಆ ಅಭ್ಯಾಸವನ್ನು ಮಗ ಬಿಡಲೇ ಇಲ್ಲ. ಕುಡಿಯುತ್ತಿರಲಿಲ್ಲ, ಸೋಮವಾರ ಉಪವಾಸ ಮಾಡುತ್ತಿದ್ದರು. ನಮ್ಮ ಅಜ್ಜಿಯಂದಿರ ಸೋಮವಾರ ವ್ರತ ನೆನಪಾಗುತ್ತದೆ, ಇರಲಿ. ಮೂವತ್ತೆಂಟರಲ್ಲಿ ಎಫ್‌ಎ ಕಪ್ ಗೆದ್ದರು. 1956ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಮೊತ್ತಮೊದಲ ಬಾರಿಗೆ ಕೊಟ್ಟಾಗ ಅದು ಹೋದದ್ದು ನಲವತ್ತೊಂದರ ಮ್ಯಾಥ್ಯೂಸ್‌ಗೆ. ಕೊನೆಯ ಲೀಗ್ ಪಂದ್ಯ 1965ರ ಫೆಬ್ರವರಿ 6ರಂದು, ಐವತ್ತು ತುಂಬಿ ಐದು ದಿನಕ್ಕೆ.

ಮ್ಯಾಥ್ಯೂಸ್ ಕೂಡ ಶ್ರೀಮಂತರಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1961ರವರೆಗೆ ಆಟಗಾರನ ವಾರದ ಸಂಬಳಕ್ಕೆ ಮಿತಿ ಇತ್ತು, ಕೊನೆಗೆ ಅದು 20 ಪೌಂಡ್. ಆದರೆ ವಾರವಾರ ಆ ಸಂಬಳ ಬರುತ್ತಿತ್ತು. ಹುಲ್ಲಿನ ಮೈದಾನ ಇತ್ತು, ಅಳತೆಗೆ ತಕ್ಕ ಬೂಟು ಇತ್ತು, ನೋವಾದರೆ ನೋಡುವವರು ಇದ್ದರು, ಶನಿವಾರ ಬಂದರೆ ಪಂದ್ಯ ಇದ್ದೇ ಇರುತ್ತಿತ್ತು. ಮ್ಯಾಥ್ಯೂಸ್‌ರ ಶಿಸ್ತಿಗೆ ನಿಲ್ಲಲು ನೆಲ ಇತ್ತು. ಅಹಮದ್ ಖಾನ್‌ಗೆ ಊರು ಬಿಟ್ಟು ಸಾವಿರ ಮೈಲಿಯಷ್ಟು ದೂರದ ಕಲ್ಕತ್ತಾದಲ್ಲಿ ಮಾತ್ರ ಅದರ ಒಂದು ಚೂರು ಸಿಕ್ಕಿತು.

ಕಾಫಿ ಗಿಡವನ್ನು ನೋಡುತ್ತಾ ಬದುಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚೆನ್ನಾಗಿ ನೋಡಿಕೊಂಡ ರೊಬಸ್ಟಾ ಗಿಡ ಐವತ್ತು ವರ್ಷ ದಾಟಿಯೂ ಫಸಲು ಕೊಡುತ್ತದೆ. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ವರ್ಷಾ ವರ್ಷ ಚಿಗುರು ತೆಗೆಯಬೇಕು, ಮಳೆಗೆ ಮುಂಚೆ ಮರಗಸಿ ಆಗಬೇಕು, ಗೊಬ್ಬರ ಬೀಳಬೇಕು, ಹೂವಿನ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಎರಡು ವರ್ಷ ಕೈಬಿಟ್ಟ ತೋಟವನ್ನು ಹೊರಗಿನವರೂ ಗುರುತಿಸಬಲ್ಲರು. ಗಿಡದ ತಳಿ ಮುಖ್ಯ, ನಿಜ. ಆದರೆ ಗಿಡ ತಾನೇ ತನ್ನ ಚಿಗುರು ತೆಗೆದುಕೊಳ್ಳುವುದಿಲ್ಲ.

ಮತ್ತೆ ಬೆಂಗಳೂರಿಗೆ ಬರೋಣ. ಅಹಮದ್ ಖಾನ್ ನಂತರದ ತಲೆಮಾರಿಗೆ ಆಧಾರವಾದದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಇಂಥ ಸಾರ್ವಜನಿಕ ಉದ್ಯಮ, ಸಂಸ್ಥೆಗಳು ತಂಡ ಕಟ್ಟಿದವು, ಆಟಗಾರರಿಗೆ ನೌಕರಿ ಕೊಟ್ಟವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ, ತಿಂಗಳ ಕೊನೆಗೆ ಸಂಬಳ, ಮುಪ್ಪಿಗೆ ಪಿಂಚಣಿ. ಬಡ ಮನೆಯ ಹುಡುಗನಿಗೆ ಫುಟ್‌ಬಾಲ್ ಕಾಯಂ ಕೆಲಸದ ಬಾಗಿಲು ತೆರೆಯಿತು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದ. ಆದರೆ ಈ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ನೌಕರಿ ಸಿಗುವುದೇ ಗುರಿಯಾದರೆ ನೌಕರಿ ಸಿಕ್ಕ ದಿನ ಗುರಿ ಮುಟ್ಟಿದಂತೆ. ಮೂವತ್ತಕ್ಕೆ ಕಾಲು ನೋಯತೊಡಗಿದರೆ ಮೇಜಿನ ಹಿಂದೆ ಕೂರುವ ದಾರಿ ಇದ್ದಾಗ ನಲವತ್ತರವರೆಗೆ ಓಡುವ ಹಟ ಯಾರಿಗೆ ಬೇಕು? 1969ರ ನಂತರ ಸಂತೋಷ್ ಟ್ರೋಫಿ ನಮ್ಮ ರಾಜ್ಯಕ್ಕೆ ಬರಲಿಲ್ಲ. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು, ಊರಿನ ಕಣ್ಣು ಆ ಕಡೆ ತಿರುಗಿತು. ಮತ್ತೆ ಸಂತೋಷ್ ಟ್ರೋಫಿ ಬಂದದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಐವತ್ತನಾಲ್ಕು ವರ್ಷ. ಹಿಂದಿನ ನಾಲ್ಕೂ ಮೈಸೂರು ಎಂಬ ಹೆಸರಿನಲ್ಲಿ ಬಂದವು, ಹಾಗಾಗಿ ಕರ್ನಾಟಕ ಎಂಬ ಹೆಸರಿಗೆ ಇದೇ ಮೊದಲನೆಯದು.

ನಡುವೆ ಕಾರ್ಲ್‌ಟನ್ ಚಾಪ್‌ಮನ್ ಇದ್ದಾರೆ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಹುಡುಗ. ಇಲ್ಲಿನ ಕ್ರೀಡಾ ಹಾಸ್ಟೆಲ್‌ನಿಂದ ಜಮ್‌ಷೆಡ್‌ಪುರದ ಟಾಟಾ ಅಕಾಡೆಮಿಗೆ, ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ. 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಮಣಿಸಿದಾಗ ಮೂರು ಗೋಲು ಚಾಪ್‌ಮನ್ ಅವರದ್ದು. ಮಿಡ್‌ಫೀಲ್ಡಿನಲ್ಲಿ ಆಡುವ ಹುಡುಗ, ವಯಸ್ಸು ಇಪ್ಪತ್ತೆರಡು. ಪಂಜಾಬಿನ ಜೆಸಿಟಿಗೆ ಹೋಗಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 2001ರಲ್ಲಿ ಈಸ್ಟ್ ಬೆಂಗಾಲ್‌ನ ನಾಯಕನಾಗಿ ಅದೇ ಲೀಗ್ ಗೆದ್ದರು, ಅದೇ ವರ್ಷ ಆಟ ನಿಲ್ಲಿಸಿದರು. ಮೂವತ್ತಕ್ಕೆ! ಛೆಟ್ರಿ ಮೂವತ್ತು ತುಂಬಿದ ಮೇಲೆ ಗೆದ್ದದ್ದನ್ನು ಪಟ್ಟಿ ಮಾಡಿದರೆ ಅದೇ ಒಂದು ಪೂರ್ಣ ವೃತ್ತಿಜೀವನ. ಚಾಪ್‌ಮನ್ ಆಮೇಲೆ ಊರೂರು ತಿರುಗಿ ತರಬೇತಿ ಕೊಟ್ಟರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು, ನಲವತ್ತೊಂಬತ್ತಕ್ಕೆ.

ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಅಪ್ಪ ಸೇನೆಯಲ್ಲಿದ್ದರು. 2002ರಲ್ಲಿ ಮೋಹನ್ ಬಗಾನ್ ಸೇರಿದರು. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಭಾರತಕ್ಕೆ ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು. ಮುಂದಿನ ಎಂಟು ವರ್ಷ ಅವರು ನಿಂತಲ್ಲಿ ನಿಲ್ಲಲಿಲ್ಲ. ಕೋಲ್ಕತ್ತಾ, ಪಂಜಾಬ್, ಗೋವಾ, ಮತ್ತೆ ಕೋಲ್ಕತ್ತಾ. 2009ರಲ್ಲಿ ಲಂಡನ್ನಿನ ಕ್ಯೂಪಿಆರ್ ತೆಗೆದುಕೊಳ್ಳಲು ಒಪ್ಪಿದರೂ ಭಾರತ ತಂಡದ ರ‍್ಯಾಂಕು ಕೆಳಗಿದೆ ಎಂದು ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಬೇರೂರಲಿಲ್ಲ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡದಲ್ಲಿ ಸಿಕ್ಕಿದ್ದು ಮೂರೇ ಪಂದ್ಯ. 2013ರಲ್ಲಿ ಬೆಂಗಳೂರಿನಲ್ಲಿ ಜೆಎಸ್‌ಡಬ್ಲ್ಯು ಹೊಸ ಕ್ಲಬ್ ಕಟ್ಟಿದಾಗ ಇಪ್ಪತ್ತೊಂಬತ್ತರ ಛೆಟ್ರಿ ಬಂದರು. ಹಿಂದಿನ ಲೆಕ್ಕದಲ್ಲಿ ಅದು ಆಟ ಮುಗಿಸುವ ವಯಸ್ಸು.

ಅಲ್ಲಿಂದ ಆದದ್ದು ನಮಗೆ ಗೊತ್ತಿರುವ ಇತಿಹಾಸ. ಮೊದಲ ವರ್ಷವೇ ಐ-ಲೀಗ್, 2015-16ರಲ್ಲಿ ಇನ್ನೊಮ್ಮೆ, ಎರಡು ಫೆಡರೇಷನ್ ಕಪ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2018-19ರಲ್ಲಿ ಐಎಸ್‌ಎಲ್, 2022ರಲ್ಲಿ ಡುರಾಂಡ್ ಕಪ್. ನನಗೆ ಟ್ರೋಫಿಗಿಂತ ಮುಖ್ಯವಾಗಿ ಕಂಡದ್ದು ಅವರು ತಮ್ಮ ಆಟವನ್ನು ಬದಲಿಸಿಕೊಂಡ ಬಗೆ. ನಟ್ಟನಡುವಿನ ಸ್ಟ್ರೈಕರ್ ಜಾಗದಿಂದ ಎಡ ಅಂಚಿಗೆ ಹೋದರು, ವಿದೇಶಿ ಸ್ಟ್ರೈಕರ್‌ಗೆ ಜಾಗ ಬಿಟ್ಟರು. ವೇಗ ಕಡಿಮೆಯಾದಂತೆ ಮತ್ತೆ ನಡುವಿಗೆ ಬಂದರು. ಎತ್ತರ ಐದು ಅಡಿ ಏಳು ಇಂಚಿನ ಹತ್ತಿರ, ಆದರೂ ತಲೆಯಿಂದ ಹೊಡೆದ ಗೋಲುಗಳಿಗೆ ಕೊರತೆ ಇಲ್ಲ. ಅದು ನೆಗೆತದ ಬಲಕ್ಕಿಂತ ಚೆಂಡು ಎಲ್ಲಿ ಬೀಳುತ್ತದೆ ಎಂಬ ಅಂದಾಜಿನ ಬಲ. 2022-23ರಲ್ಲಿ ಅವರನ್ನು ಎಷ್ಟೋ ಸಲ ಬೆಂಚಿನಲ್ಲಿ ಕೂರಿಸಿದರು. ಮುಗಿಯಿತು ಅಂದುಕೊಂಡವರಲ್ಲಿ ನಾನೊಬ್ಬನೇ ಇರಲಿಲ್ಲ. ಎರಡು ವರ್ಷದ ನಂತರ, 2024-25ರಲ್ಲಿ, ಐಎಸ್‌ಎಲ್‌ನಲ್ಲಿ ಹದಿನಾಲ್ಕು ಗೋಲು. ಆ ಋತುವಿನಲ್ಲಿ ಯಾವ ಭಾರತೀಯನೂ ಅಷ್ಟು ಹೊಡೆಯಲಿಲ್ಲ.

ರೈಟರ ಪ್ರಶ್ನೆಗೆ ಉತ್ತರ ಇದರಲ್ಲಿ ಸ್ವಲ್ಪ ಇದೆ. ಬೆಂಚಿನಲ್ಲಿ ಕೂತವನಿಗೆ ಓಡಬೇಕು ಅನ್ನಿಸುವುದು ದುಡ್ಡಿನ ಮಾತಲ್ಲ. ಆದರೆ ಮೂವತ್ತರ ನಂತರ ಆ ಆಸೆಯನ್ನು ಕಾಪಾಡಿದ್ದು ಒಂದೇ ಊರು, ಒಂದೇ ಕ್ಲಬ್, ಫಿಸಿಯೋ, ಅಡುಗೆಯವರು, ಸರಿಯಾಗಿ ಕತ್ತರಿಸಿದ ಹುಲ್ಲು. ಇದನ್ನು ಹೇಳಿದರೆ ಛೆಟ್ರಿಯವರ ದುಡಿಮೆ ಸಣ್ಣದಾಗುವುದಿಲ್ಲ. ಚಾಪ್‌ಮನ್‌ರ ಮೂವತ್ತು ವರ್ಷ ಅರ್ಥವಾಗುತ್ತದೆ, ಅಷ್ಟೇ.

ಬಾಳಿಕೆಗೆ ಇನ್ನೊಂದು ಮುಖ ಇದೆ, ಅದು ಹೊಗಳುವಂಥದ್ದಲ್ಲ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು 0-0 ಡ್ರಾ ಆಡಿ ಛೆಟ್ರಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. 151 ಪಂದ್ಯ, 94 ಗೋಲು. ಆ ಗೋಲುಗಳಲ್ಲಿ ಬಹಳಷ್ಟು ನೇಪಾಳ, ಮಾಲ್ಡೀವ್ಸ್‌ನಂಥ ತಂಡಗಳ ಮೇಲೆ ಬಂದವು ಅನ್ನುವವರಿದ್ದಾರೆ. ಸರಿಯೇ. ಆದರೆ ಅವರ ಜೊತೆ ಆಡಿದ ಬೇರೆಯವರಿಗೂ ಅದೇ ನೇಪಾಳ, ಅದೇ ಮಾಲ್ಡೀವ್ಸ್ ಸಿಕ್ಕಿದ್ದವು. ಒಂಬತ್ತು ತಿಂಗಳ ನಂತರ, 2025ರ ಮಾರ್ಚ್‌ನಲ್ಲಿ, ಅವರನ್ನು ವಾಪಸ್ ಕರೆಸಿಕೊಂಡರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಬಂದ ಕೂಡಲೇ ಗೋಲು ಹೊಡೆದರು. ಜನ ಕುಣಿದರು. ನೂರನಲವತ್ತು ಕೋಟಿಯ ದೇಶ ನಲವತ್ತರವರೊಬ್ಬರನ್ನು ನಿವೃತ್ತಿಯಿಂದ ಎಬ್ಬಿಸಿ ಗೋಲು ಹೊಡೆಸಬೇಕಾಯಿತು ಅನ್ನುವುದು ಕುಣಿಯುವ ಸಂಗತಿ ಅಂತ ನನಗೆ ಅನ್ನಿಸಲಿಲ್ಲ. ಅದೇ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 1-2ರಿಂದ ಸೋತು ಏಷ್ಯನ್ ಕಪ್ಪಿನ ದಾರಿಯೂ ಮುಚ್ಚಿತು.

ಅಷ್ಟರಲ್ಲಿ ನೆಲವೇ ಅಲುಗಾಡಿತ್ತು. ಲೀಗ್ ನಡೆಸುವ ಒಪ್ಪಂದದ ಗೋಜಲಿನಿಂದ 2025ರ ಜುಲೈನಲ್ಲಿ ಐಎಸ್‌ಎಲ್‌ನ ಮುಂದಿನ ಋತುವನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಸದ್ಯಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಛೆಟ್ರಿಗೆ ಇದರಿಂದ ಊಟಕ್ಕೆ ತೊಂದರೆ ಇಲ್ಲ. ಆದರೆ ಇಪ್ಪತ್ತರ ಹುಡುಗ, ಎರಡು ವರ್ಷದ ಕರಾರು ನಂಬಿ ಓದು ಬಿಟ್ಟು ಬಂದವನು, ಪಂದ್ಯವೇ ಇಲ್ಲದ ಊರಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಯಾರಿಗಾಗಿ ಓಡಬೇಕು?

ನಮ್ಮ ಕಡೆ ಕಾಫಿ ಕೊಯ್ಲಿಗೆ ಈಗ ಅಸ್ಸಾಮ್, ಜಾರ್ಖಂಡ್ ಕಡೆಯಿಂದ ಜನ ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಆ ಮಕ್ಕಳಿಗೆ ಕ್ರಿಕೆಟ್‌ಗಿಂತ ಫುಟ್‌ಬಾಲ್ ಚೆನ್ನಾಗಿ ಬರುತ್ತದೆ. ಕಳೆದ ಕೊಯ್ಲಿನಲ್ಲಿ ಸಂಜೆ ಮೈದಾನದಲ್ಲಿ ಅಂಥ ಹುಡುಗನೊಬ್ಬನನ್ನು ನೋಡುತ್ತಿದ್ದೆ, ಹನ್ನೆರಡೋ ಹದಿಮೂರೋ ಇರಬಹುದು. ಎಡಗಾಲಿನವನು, ಬರಿಗಾಲು, ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡುವ ಅಭ್ಯಾಸ ಅವನಿಗೆ ಯಾರು ಕಲಿಸಿದರೋ. ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಕಳಿಸಬಹುದಾ ಅಂತ ಶಾಲೆಯವರ ಹತ್ತಿರ ಮಾತಾಡಿದೆವು. ದಾಖಲಾತಿ ಬೇಕು, ಆಧಾರ್‌ನಲ್ಲಿ ಇಲ್ಲಿನ ವಿಳಾಸ ಬೇಕು, ಮನೆಯವರು ಇಲ್ಲಿ ಇರಬೇಕು ಅಂದರು. ಫೆಬ್ರವರಿ ಕೊನೆಗೆ ರೊಬಸ್ಟಾ ಕೊಯ್ಲು ಮುಗಿಯಿತು. ಅವನ ಅಮ್ಮನ ಲೆಕ್ಕ ಚುಕ್ತಾ ಮಾಡಿದರು, ಮಾರನೇ ದಿನ ಜೀಪಿನಲ್ಲಿ ಹದಿನಾಲ್ಕು ಜನ ಹೊರಟರು.